ಹನ್ನೆರಡು ರಟ್ಟು

ಪೋರೂರು, ಚೆನ್ನೈ
7 ಜೂನ್ 1999

ರಂಜಣ್ಣಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಲು ಅಮ್ಮ ಹೇಳಿದ್ದಾಳೆ. ಬರೆದಾಯಿತು. ಈಗ ನನ್ನ ಮಾತು.

ನನ್ನ ಹನ್ನೆರಡು ರಟ್ಟು ಎಲ್ಲಿ?

ಯಾವ ರಟ್ಟು ಎಂದು ಕೇಳುವ ನಾಟಕ ಬೇಡ. ಫ್ರಿಜ್ ಬಂದ ಪೆಟ್ಟಿಗೆಗಳನ್ನು ಬಿಚ್ಚಿ, ಮಾಧವರಂನ ಹಾಲಿನ ಡೇರಿಯ ಹಿಂದಿನ ಖಾಲಿ ಗೋದಾಮಿನಲ್ಲಿ ನೆಲಕ್ಕೆ ಹಾಸಿ, ಮೇಲೆ ಬಟ್ಟೆಗೆ ಹಾಕುವ ನೀಲಿ ಪುಡಿ ಉದುರಿಸಿ ನಿನ್ನನ್ನು ಕುಣಿಸಿದ್ದು ನಾನು. ನಿನ್ನ ಕೈ, ಬೆನ್ನು, ಪಾದ ಎಳೆದ ಗುರುತು ಅಳಿಸಿಹೋಗದಂತೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಊದುಕೊಳವೆಯಿಂದ ಊದಿ ಊದಿ ತಲೆ ತಿರುಗಿ ಕೂತದ್ದೂ ನಾನು. ಆ ಹನ್ನೆರಡು. ನಿನ್ನೆ ಹೋಗಿ ನೋಡಿದರೆ ಗೋಡೆ ಖಾಲಿ. ಕಾವಲುಗಾರ ಜಯರಾಮ ಆರಾಮಾಗಿ ಹೇಳಿದ, “ರಂಜನ್ ತಂಬಿ ಮನೆ ಸಾಮಾನಿನ ಲಾರೀಲೇ ಏತ್ಕೊಂಡು ಹೋಯ್ತಲ್ಲಮ್ಮಾ. ನಿಂಗೆ ಸೊಲ್ಲವೇ ಇಲ್ವಾ?”

ಸೊಲ್ಲವೇ ಇಲ್ಲ. ಒಂದೇ ಮನೆಯಲ್ಲಿ ಬೆಳೆದವಳಿಗೆ ಹೇಳದೆ ಹೋದೆ.

ನೀವೆಲ್ಲ ದಾವಣಗೆರೆಗೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ದೊಡ್ಡಪ್ಪನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ ಸಿಕ್ಕಿದೆ, ನಿನ್ನ ಮೊಣಕಾಲಿಗೆ ಕೂತು ಮಾಡುವ ಕೆಲಸ ಬೇಕಾಗಿತ್ತು. ಒಪ್ಪಿದೆ. ಆದರೆ ಪೆರುಂಗುಡಿಯ ಆಡಿಯೋ ಕಂಪನಿಗೆ ಎರಡು ಸಾವಿರ ಇಸವಿಯ ಕ್ಯಾಲೆಂಡರ್ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡಿರುವವಳು ನಾನು. ಹನ್ನೆರಡು ತಿಂಗಳಿಗೆ ಹಿಪ್‌ಹಾಪ್ ಕುಣಿತದ ಹನ್ನೆರಡು ಚಿತ್ರ. ಮೇವರೆಗಿನ ಐದು ಮುಗಿದಿವೆ. ಉಳಿದ ಏಳಕ್ಕೆ ರಟ್ಟು ನನ್ನ ಕಣ್ಣೆದುರಿಗೇ ಇರಬೇಕು. ಪುಡಿ ಎಲ್ಲಿ ಪೂರ್ತಿ ಒರೆಸಿಹೋಗಿದೆ, ಎಲ್ಲಿ ಅರ್ಧ ಉಳಿದಿದೆ ಎಂದು ನೋಡಿಯೇ ಮೈಯ ಭಾರ ಎಲ್ಲಿ ಬಿತ್ತೆಂದು ನನಗೆ ತಿಳಿಯುವುದು.

ಈ ವಾರದಲ್ಲಿ ಲಾರಿ ಪಾರ್ಸೆಲ್‌ಗೆ ಹಾಕು. ಅಂಗಡಿಗೆ ಫೋನ್ ಮಾಡಿದರೆ ದೊಡ್ಡಪ್ಪನೇ ಎತ್ತುತ್ತಾರೆ, ಅವರೆದುರು ನಾವಿಬ್ಬರೂ ಏನೂ ಮಾತಾಡುವ ಹಾಗಿಲ್ಲ. ಅದಕ್ಕೇ ಕಾಗದ.

ಶರಣ್ಯಾ


ದಾವಣಗೆರೆ
19 ಜೂನ್ 1999

ಶರಣ್ಯಾ,

ಕೊಡುವುದಿಲ್ಲ.

ಒಂದೇ ಪದ ಬರೆದು ಅಂಚೆಗೆ ಹಾಕೋಣ ಎಂದಿದ್ದೆ. ಆದರೆ ನಿನಗೆ ಅರ್ಥವಾಗಬೇಕಲ್ಲ, ಅದಕ್ಕೆ ಇಷ್ಟುದ್ದ.

‘ಕುಣಿಸಿದ್ದು ನಾನು’ ಎಂದು ಬರೆದಿದ್ದೀಯ. ಕೋತಿ ಆಡಿಸುವವರು ಆಡುವ ಮಾತು ಅದು. ನೀನು ಸ್ಟೂಲಿನ ಮೇಲೆ ಕೂತಿದ್ದೆ ತಾಯಿ. ನೆಲದ ಮೇಲಿದ್ದವನು ನಾನು. ನೀಲಿ ಎರಡು ದಿನ ಬೆನ್ನು ಬಿಡುತ್ತಿರಲಿಲ್ಲ, ಅಮ್ಮ ಬಚ್ಚಲಲ್ಲಿ ಉಜ್ಜುತ್ತಾ “ಇದೇನ್ಲಾ, ಯಾವ ಊರ ಓಕುಳಿ ಆಡಿ ಬಂದಿ?” ಎಂದು ಕೇಳುತ್ತಿದ್ದಳು. ನಾನು ಏನೇನೋ ಸುಳ್ಳು ಹೇಳುತ್ತಿದ್ದೆ.

ಸುಳ್ಳಿನ ಮಾತು ಬಂತು, ಇದನ್ನೂ ಬರೆದುಬಿಡುತ್ತೇನೆ. ಫೆಬ್ರವರಿಯಲ್ಲಿ ಹನ್ನೆರಡನೆಯ ರಟ್ಟಿನ ದಿನ ನನಗೆ ಸುಸ್ತಾಗಿತ್ತು. ಸಾಕು ಎಂದೆ. “ಇನ್ನೊಂದ್ಸಲ ರಂಜಣ್ಣಾ, ಒಂದೇ ಸಲ” ಎಂದವಳು ನೀನು. ಪುಡಿ ಜಾಸ್ತಿ ಉದುರಿಸಿದವಳೂ ನೀನೇ. ಜಾರಿ ಮೊಣಕಾಲು ತಿರುಚಿದ ಸದ್ದು ಆ ಟೇಪ್‌ರೆಕಾರ್ಡರಿನ ಗಲಾಟೆಯಲ್ಲೂ ನಮ್ಮಿಬ್ಬರಿಗೆ ಕೇಳಿಸಿತು. ಆಸ್ಪತ್ರೆಯಲ್ಲಿ ಅಪ್ಪನಿಗೆ ನಾನು ಹೇಳಿದ್ದು ಏನು? ಪೋರೂರು ಸಿಗ್ನಲ್‌ನಲ್ಲಿ ಸ್ಕೂಟರ್ ಜಾರಿತು ಎಂದು. ನೀನು ಪಕ್ಕದಲ್ಲೇ ನಿಂತು ತಲೆ ಆಡಿಸಿದೆ. ನಿಜ ಗೊತ್ತಾಗಿದ್ದರೆ ನಿನ್ನ ಬ್ರಷ್ಷು ಬಣ್ಣ ಎಲ್ಲ ಆವತ್ತೇ ಬೀದಿಗೆ ಬೀಳುತ್ತಿದ್ದವು.

ಆಪರೇಷನ್ ಆಯಿತು. ಮೆಟ್ಟಿಲು ಹತ್ತಬಹುದಂತೆ, ನಿಧಾನವಾಗಿ. ಕುಣಿತ ಮರೆತುಬಿಡು ಎಂದರು. ನನ್ನ ಫೋಟೋ ಯಾರ ಹತ್ತಿರವೂ ಇಲ್ಲ, ವೀಡಿಯೋ ಇಲ್ಲ. ಆರು ವರ್ಷ ನಾನು ಕುಣಿದದ್ದಕ್ಕೆ ಸಾಕ್ಷಿ ಎಂದರೆ ಆ ಹನ್ನೆರಡು ರಟ್ಟು ಮಾತ್ರ. ಹಗ್ಗ ಕಟ್ಟಿ ಅಂಗಡಿಯ ಅಟ್ಟದ ಮೇಲೆ ಇಟ್ಟಿದ್ದೇನೆ. ಏಣಿ ಹತ್ತಿ ನೋಡಲು ನನ್ನಿಂದ ಆಗುವುದಿಲ್ಲ. ಅಲ್ಲಿವೆ ಎಂದು ಗೊತ್ತಿದ್ದರೆ ಸಾಕು ನನಗೆ.

ಬೇಕೇ ಬೇಕು ಎಂದರೆ ಒಂದು ಷರತ್ತು. ಕ್ಯಾಲೆಂಡರಿನ ಪ್ರತಿ ಹಾಳೆಯಲ್ಲಿ ನಿನ್ನ ಹೆಸರಿನ ಪಕ್ಕ ನನ್ನ ಹೆಸರು ಇರಬೇಕು. ಕೆಳಗಲ್ಲ, ಪಕ್ಕ.

ಶಿವರಂಜನ್


ಪೋರೂರು, ಚೆನ್ನೈ
28 ಜೂನ್ 1999

ಶ್ರೀ ಶಿವರಂಜನ್ ಅವರಿಗೆ,

ಷರತ್ತು ಹಾಕುವವರನ್ನು ಅಣ್ಣಾ ಎಂದು ಕರೆಯಲು ನನಗೆ ಬರುವುದಿಲ್ಲ, ಆದ್ದರಿಂದ ಈ ಸಂಬೋಧನೆ.

ತಾವು ಮರೆತಿರುವ ಕೆಲವು ಸಂಗತಿಗಳನ್ನು ನೆನಪಿಸುತ್ತೇನೆ. ಬರ್ಮಾ ಬಜಾರಿನಲ್ಲಿ ಗಂಟೆಗಟ್ಟಲೆ ನಿಂತು, ಅಂಗಡಿಯವನ ಬೈಗುಳ ತಿಂದು, ಆ ಕ್ಯಾಸೆಟ್‌ಗಳನ್ನು ಕೇಳಿ ಕೇಳಿ ಆರಿಸಿದವಳು ನಾನು. ಹಾಡಿನ ನಡುವೆ ಮಾತು ನಿಂತು ಬರೀ ತಾಳ ಬರುವ ಎಂಟು ಸೆಕೆಂಡಿನ ತುಂಡನ್ನು ಎರಡು ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರಿನಲ್ಲಿ ನಿಲ್ಲಿಸಿ, ಒತ್ತಿ, ನಿಲ್ಲಿಸಿ, ಒತ್ತಿ ಹತ್ತು ನಿಮಿಷದ ಟೇಪ್ ಮಾಡಿದವಳು ನಾನು. ನಿಮ್ಮ ಕಾಲು ಓಡಿದ್ದು ಆ ಟೇಪಿನ ಮೇಲೆ.

ಚಿತ್ರದ ನಿಯಮಗಳನ್ನು ಕಟ್ಟಿದವಳೂ ನಾನೇ. ಡ್ರಮ್ ಬಿದ್ದಲ್ಲಿ ಗೆರೆ ದಪ್ಪ, ಬಿಟ್ಟಲ್ಲಿ ಕಾಗದ ಖಾಲಿ. ಟೇಪ್ ಓಡುತ್ತಿರುವಷ್ಟು ಹೊತ್ತು ಮಾತ್ರ ಬ್ರಷ್ಷು ಓಡಬೇಕು, ರಬ್ಬರ್ ಮುಟ್ಟಬಾರದು. ಗೆರೆ ತಪ್ಪಿದರೆ ತಪ್ಪಿನ ಮೇಲೇ ಮುಂದಿನ ಗೆರೆ ಕಟ್ಟಬೇಕು. ತಿಂಗಳ ಹೆಸರಿನ ಅಕ್ಷರಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿವೆಯಲ್ಲ, ಆ ಅಕ್ಷರ ಬರೆಯುವುದನ್ನು ಕಲಿಯಲು ಎಂಟು ತಿಂಗಳು ಹಳೆಯ ಪತ್ರಿಕೆಗಳನ್ನು ರದ್ದಿ ಮಾಡಿದ್ದೇನೆ. ನೀವು ಆಗ ಕ್ರಿಕೆಟ್ ನೋಡುತ್ತಿದ್ದಿರಿ.

ನೆಲ ಒರೆಸಿದ ಗುರುತು ಚಿತ್ರವಾಗುವುದಿಲ್ಲ. ಹಾಗೆ ಆಗುವುದಾದರೆ ನಮ್ಮ ಕೆಲಸದ ಭೀಮಾಬಾಯಿಯ ಹೆಸರನ್ನೂ ಹಾಕಬೇಕಾಗುತ್ತದೆ.

ರಟ್ಟು ಇಟ್ಟುಕೊಳ್ಳಿ. ಏಳಕ್ಕೂ ಟ್ರೇಸಿಂಗ್ ಪೇಪರಿನಲ್ಲಿ ಪೆನ್ಸಿಲ್ ನಕಲು ತೆಗೆದಿಟ್ಟಿದ್ದೇನೆ. ಅದರಲ್ಲಿ ಗೆರೆ ಇದೆ, ಭಾರ ಕಾಣುವುದಿಲ್ಲ. ಕಷ್ಟ, ಆದರೂ ಮಾಡುತ್ತೇನೆ. ಹೆಸರು ಹಾಕುವುದಿಲ್ಲ.

ಮೊಣಕಾಲಿನ ವಿಷಯ ಎತ್ತಿದ್ದೀರಿ. ಒಂದು ದಿನವೂ ಎತ್ತಬಾರದಿತ್ತು ಎಂದಲ್ಲ. ಆದರೆ ಚೌಕಾಸಿಗೆ ಎತ್ತಿದಿರಿ, ಅದಕ್ಕೆ ಅಸಹ್ಯವಾಯಿತು.

ಇತಿ,
ಶರಣ್ಯಾ


ದಾವಣಗೆರೆ
26 ಡಿಸೆಂಬರ್ 1999

ಕುಮಾರಿ ಶರಣ್ಯಾ ಅವರಿಗೆ,

ಆರು ತಿಂಗಳು ಸುಮ್ಮನಿದ್ದೆ. ಸುಮ್ಮನೇ ಇರುತ್ತಿದ್ದೆ. ಮೊನ್ನೆ ಇಲ್ಲಿನ ಮದುವೆಗೆ ಬಂದ ಚಿಕ್ಕಮ್ಮ, ಅಂದರೆ ನಿಮ್ಮ ಅಮ್ಮ, ಸೀರೆಯ ನಡುವೆ ಸುರುಳಿ ಸುತ್ತಿ ತಂದಿದ್ದ ನಿಮ್ಮ ಕ್ಯಾಲೆಂಡರನ್ನು ನನ್ನ ಕೈಗಿಟ್ಟರು. “ನಿಮ್ಮಿಬ್ಬರ ಜಗಳ ನಂಗೆ ಸಾಕಾಗೇತಪ್ಪಾ ರಂಜು. ಆಕಿ ಕೊಡು ಅಂದಿಲ್ಲ, ನಾನೇ ತಂದೀನಿ, ಒಮ್ಮೆ ನೋಡು” ಎಂದರು. ಚಿಕ್ಕಮ್ಮನ ಮಾತಿಗೆ ನೋಡಿದೆ.

ಜನವರಿ ನೋಡಿದೆ. ನಾನು. ಹೆಸರಿಲ್ಲದಿದ್ದರೂ ನಾನು. ಎಡಗೈ ಊರಿ, ಕಾಲುಗಳು ಎಡಕ್ಕೆ ಸುತ್ತು ಹೊಡೆಯುತ್ತಿವೆ. ಕಿತ್ತಳೆ ಬಣ್ಣದ ಮೇಲೆ ಕಪ್ಪು ಗೆರೆ ಬಿದ್ದ ರೀತಿ ನೋಡಿ, ಬರೆಯಬಾರದೆಂದಿದ್ದೆ, ಆದರೂ ಬರೆಯುತ್ತೇನೆ, ಬಾಗಿಲ ಬೆಳಕಿಗೆ ಒಯ್ದು ಇನ್ನೊಮ್ಮೆ ನೋಡಿದೆ. ಮೇವರೆಗೂ ಹಾಗೆಯೇ. ಜಗಳವನ್ನೆಲ್ಲ ಇಲ್ಲಿಗೆ ಬಿಟ್ಟು ಕಾಗದ ಬರೆಯೋಣ, ಚೆನ್ನಾಗಿದೆ ಎಂದು ಹೇಳೋಣ ಎಂದುಕೊಂಡೇ ಹಾಳೆ ತಿರುಗಿಸಿದೆ.

ಜೂನ್‌ನಲ್ಲಿ ಇರುವವನು ಯಾರು?

ಬಲಗೈ ಊರಿದ್ದಾನೆ. ಬಲಕ್ಕೆ ಸುತ್ತುತ್ತಿದ್ದಾನೆ. ಜುಲೈಯಲ್ಲೂ ಅವನೇ, ಡಿಸೆಂಬರ್‌ವರೆಗೂ ಅವನೇ. ನಾನು ಬಲಕ್ಕೆ ಒಂದು ದಿನವೂ ಸುತ್ತಿದವನಲ್ಲ. ಬಲಗೈ ಮೇಲೆ ಭಾರ ಬಿಟ್ಟರೆ ಹೆಗಲು ಹಿಡಿಯುತ್ತದೆ ಎಂದು ನಿಮಗೆ ಗೊತ್ತು, ಎಣ್ಣೆ ತಿಕ್ಕಿದವರು ನೀವೇ. ಬೀಚಿನಲ್ಲಿ ಕುಣಿಯುತ್ತಿದ್ದ ನಮ್ಮ ಗುಂಪಿನಲ್ಲಿ ಬಲಕ್ಕೆ ಸುತ್ತುತ್ತಿದ್ದವನು ಒಬ್ಬನೇ, ಕಿಟ್ಟು. ನಮ್ಮ ಬೀದಿಯ ವಿಷ್ಣುತೀರ್ಥರ ಮಗ ಕಿಟ್ಟು. ಬೀಚಿನಲ್ಲಿ ಎಲ್ಲರೆದುರು ನನ್ನನ್ನು ‘ಅರ್ಧ ಡ್ಯಾನ್ಸರ್’ ಎಂದು ನಗಾಡಿದ ಕಿಟ್ಟು.

ಟ್ರೇಸಿಂಗ್‌ನಲ್ಲಿ ಕಷ್ಟ ಎಂದು ನೀವೇ ಬರೆದಿದ್ದಿರಿ. ಅದಕ್ಕೆ ಹೊಸ ರಟ್ಟು ಹಾಸಿದಿರಿ, ಪುಡಿ ಉದುರಿಸಿದಿರಿ, ಅವನನ್ನು ಕರೆದಿರಿ. ಅಲ್ಲವೇ? ನನ್ನ ಹೆಸರು ಬಿಟ್ಟಿರಿ, ಸಹಿಸಿದೆ. ನನ್ನ ಜಾಗಕ್ಕೆ ಅವನನ್ನು ತಂದು ನಿಲ್ಲಿಸಿದ್ದನ್ನು ಸಹಿಸಲು ನನ್ನಿಂದ ಆಗುತ್ತಿಲ್ಲ.

ಉದ್ದದ ಉತ್ತರ ಬೇಡ. ಕಿಟ್ಟು ಹೌದೋ ಅಲ್ಲವೋ, ಅಷ್ಟು ಬರೆಯಿರಿ.

ಶಿವರಂಜನ್


ಪೋರೂರು, ಚೆನ್ನೈ
3 ಜನವರಿ 2000

ಶ್ರೀ ಶಿವರಂಜನ್ ಅವರಿಗೆ,

ಹೌದು. ಕಿಟ್ಟು.

ಹೇಳಿದ ಹೊತ್ತಿಗೆ ಬರುತ್ತಾನೆ. ಸುಸ್ತಾಯಿತು ಎನ್ನುವುದಿಲ್ಲ. ಮುಗಿದ ಮೇಲೆ ರಟ್ಟು ಕದ್ದುಕೊಂಡು ಹೋಗುವುದಿಲ್ಲ. ಮೇಯ ಹಾಳೆಗೂ ಜೂನ್ ಹಾಳೆಗೂ ಇರುವ ವ್ಯತ್ಯಾಸ ನಿಮಗೇ ಕಂಡಿದೆ, ನಾನು ಬೇರೆ ಹೇಳಬೇಕಾಗಿಲ್ಲ. ಕಂಪನಿಯವರಿಗೆ ತುಂಬಾ ಹಿಡಿಸಿದ್ದು ಡಿಸೆಂಬರ್.

ಶರಣ್ಯಾ


ದಾವಣಗೆರೆ
11 ಜನವರಿ 2000

ಕಾಗದ ತಲುಪಿತು. ಇನ್ನು ಮುಂದೆ ಬರೆಯಬೇಡಿ.

ಶಿ.


ಪೋರೂರು, ಚೆನ್ನೈ
17 ಸೆಪ್ಟೆಂಬರ್ 2000

ರಂಜಣ್ಣಾ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ಹರಿದುಹಾಕುವ ಮುಂಚೆ ಪೂರ್ತಿ ಓದು.

ಕಿಟ್ಟು ನನ್ನ ಒಂದು ರಟ್ಟಿನ ಮೇಲೂ ಕಾಲಿಟ್ಟಿಲ್ಲ. ನಾನು ಬರೆದದ್ದು ಸುಳ್ಳು.

ಯಾಕೆ ಬರೆದೆ ಎಂದು ಕೇಳುತ್ತೀಯ. ಆ ಏಳು ಚಿತ್ರಗಳನ್ನು ನಾನು ಒಂಬತ್ತು ದಿನದಲ್ಲಿ ಮುಗಿಸಿದ್ದೆ, ಒಂದೊಂದು ಗೆರೆ ಎಳೆಯುವಾಗಲೂ ನಿನ್ನನ್ನು ಬೈಯುತ್ತಾ, ನೀನು ಆ ಗೋದಾಮಿನಲ್ಲಿ ಹೇಗಿದ್ದೆ ಎಂದು ನೆನಪಿಸಿಕೊಳ್ಳುತ್ತಾ. ಆಮೇಲೆ ನೀನು ಬಂದು ‘ಇದು ನಾನಲ್ಲ, ಕಿಟ್ಟು’ ಎಂದೆ. ಮೈಯೆಲ್ಲ ಉರಿದುಹೋಯಿತು. ನನ್ನ ಮೇಲೆ ಇಷ್ಟೇ ನಂಬಿಕೆಯಾದರೆ ಹಾಗೆಯೇ ಆಗಲಿ, ಕಿಟ್ಟುವೇ ಆಗಲಿ ಎಂದು ಬರೆದೆ. ಅಂಚೆಗೆ ಹಾಕಿ ಬಂದ ಮೇಲೆ ಖುಷಿಯೂ ಆಯಿತು. ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು.

ಬಲಗೈ, ಎಡಗೈ ಎಂದು ನೀನು ಬರೆದದ್ದನ್ನು ನಾನು ತಲೆಗೇ ಹಾಕಿಕೊಂಡಿರಲಿಲ್ಲ. ತಕರಾರಿಗೆ ಒಂದು ನೆಪ ಹುಡುಕಿದ್ದೀಯ ಎಂದುಕೊಂಡೆ.

ಹೋದ ವಾರ ಕಿಟ್ಟು ಮನೆಗೆ ಬಂದಿದ್ದ. ಈಗ ಬ್ಯಾಂಕಿನಲ್ಲಿದ್ದಾನೆ, ಹೊಟ್ಟೆ ಬಂದಿದೆ, ಮದುವೆಯ ಕರೆಯೋಲೆ ಕೊಡಲು ಬಂದದ್ದು. ಗೋಡೆಯ ಮೇಲೆ ಸೆಪ್ಟೆಂಬರ್ ಹಾಳೆ ಇತ್ತು. ನಿಂತು ನೋಡಿದ. “ಅಕ್ಕಾ, ಇದು ರಂಜನ್ ತಾನೇ? ಪಾದ ಇಂಗೆ ಒಳಗೆ ಮಡಿಚೋದು ಅವನೊಬ್ನೇ, ನಾನೂ ಟ್ರೈ ಮಾಡ್ದೆ, ವರಲೇ ಇಲ್ಲ. ಆದ್ರೆ ಯಾಕೆ ಉಲ್ಟಾ ಹಾಕಿದೀಯ? ಅವನು ಲೆಫ್ಟ್ ಅಲ್ವಾ?” ಎಂದ.

ಅವನು ಹೋದ ಮೇಲೆ ಹಾಳೆಯನ್ನು ಬೀರುವಿನ ಕನ್ನಡಿಗೆ ಹಿಡಿದೆ. ನೀನು, ಎಡಗೈ ಊರಿಕೊಂಡು.

ಏನಾಗಿತ್ತು ಗೊತ್ತಾ? ಟ್ರೇಸಿಂಗ್ ಪೇಪರಿನಿಂದ ಚಿತ್ರವನ್ನು ದಪ್ಪ ಕಾಗದಕ್ಕೆ ಇಳಿಸಬೇಕಾದರೆ ಪೇಪರಿನ ಹಿಂಬದಿಗೆಲ್ಲ ಪೆನ್ಸಿಲ್ ಬಳಿದು, ಮುಖ ಮೇಲೆ ಮಾಡಿ ಇಟ್ಟು, ಗೆರೆಯ ಮೇಲೆ ಮತ್ತೆ ಗೆರೆ ಎಳೆಯಬೇಕು. ಮೊದಲ ಐದನ್ನು ಹಾಗೆಯೇ ಮಾಡಿದ್ದೆ. ಒಂದಕ್ಕೆ ಎರಡು ದಿನ ಹಿಡಿಯುವ ಕೆಲಸ. ಉಳಿದ ಏಳಕ್ಕೆ ನನಗೆ ತಾಳ್ಮೆ ಇರಲಿಲ್ಲ. ಪೇಪರನ್ನು ಮಗುಚಿ ಹಾಕಿ ಚಮಚದ ಬೆನ್ನಿನಿಂದ ಉಜ್ಜಿಬಿಟ್ಟೆ. ಗೆರೆಯೇನೋ ಇಳಿಯಿತು, ಎಡ ಬಲವಾಗಿ ಇಳಿಯಿತು. ಡ್ರಾಯಿಂಗ್ ಕಲಿಯುವ ಮೊದಲ ವರ್ಷದವರಿಗೆ ನಾನೇ ಹೇಳಿಕೊಡುವ ಪಾಠ ಅದು. ಕುಣಿಯುವವರಿಗೆ ಕಾಣಿಸಿತು, ಬರೆದವಳಿಗೆ ಕಾಣಿಸಲಿಲ್ಲ. ಆ ಪೇಪರುಗಳೂ ಉಜ್ಜಿ ಹರಿದುಹೋದವು, ಆವತ್ತೇ ಎಸೆದೆ.

ಡಿಸೆಂಬರ್ ಹಾಳೆ ಹನ್ನೆರಡನೆಯ ರಟ್ಟಿನದು. ನೀನು ಬಿದ್ದ ದಿನದ್ದು. ಜಾರಿದ ಗುರುತನ್ನು ನಾನು ತಿದ್ದಲಿಲ್ಲ, ಹಾಗೆಯೇ ಇಟ್ಟೆ. ಗೆರೆ ಜೋರಾಗಿ ಬಂದು ಒಮ್ಮೆಲೇ ನಿಲ್ಲುವುದು ಅದಕ್ಕೇ. ಅಮ್ಮನಿಗೂ ಎಲ್ಲ ಹೇಳಿದ್ದೇನೆ, ಸ್ಕೂಟರ್ ಅಲ್ಲ ಎಂದು. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದಳು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಆಳ್ವಾರ್‌ಪೇಟೆಯ ಒಂದು ಗ್ಯಾಲರಿಯವರು ನನ್ನ ಚಿತ್ರಗಳನ್ನು ಪ್ರದರ್ಶನಕ್ಕೆ ಇಡುತ್ತಾರಂತೆ. ನಾನು ಚಿತ್ರ ಬೇಡ, ರಟ್ಟುಗಳನ್ನೇ ತೂಗುಹಾಕೋಣ ಎಂದೆ. ಒಪ್ಪಿದ್ದಾರೆ. ನಿನ್ನ ಹೆಸರು ಮೊದಲು. ಪಕ್ಕ ಅಲ್ಲ, ಮೊದಲು. ಏಳನ್ನು ನಾನು ಅಲ್ಲೇ, ಜನರೆದುರೇ, ಸರಿಯಾದ ದಿಕ್ಕಿಗೆ ಮತ್ತೆ ಬರೆಯುತ್ತೇನೆ.

ಹೇಳದೆ ಹೊತ್ತೊಯ್ದ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ‘ಚೌಕಾಸಿ’ ಎಂದದ್ದನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಕಿಟ್ಟು ಎಂದು ಬರೆದದ್ದು ನನ್ನ ತಪ್ಪು, ಪೂರ್ತಿ ನನ್ನ ತಪ್ಪು. ನಾನೇ ಬಂದು ರಟ್ಟುಗಳನ್ನು ತರುತ್ತೇನೆ. ದಿನ ತಿಳಿಸು.

ಶರಣ್ಯಾ


ದಾವಣಗೆರೆ
8 ಅಕ್ಟೋಬರ್ 2000

ಶರಣ್ಯಾ,

ಬರಬೇಡ. ರಟ್ಟು ಇಲ್ಲ.

ನಿನ್ನ ಜನವರಿಯ ಕಾಗದ ಬಂದ ದಿನವೇ ಹಮಾಲಿ ಅಂದಾನಿಗೆ ಹೇಳಿ ಅಟ್ಟದಿಂದ ಕಟ್ಟು ಇಳಿಸಿದೆ. ಅವನು ವಯಸ್ಸಾದವನು, ಸೊಂಟ ಹಿಡಿದುಕೊಂಡು “ಯಾಕ್ರೀ ಸಾವ್ಕಾರ್ರೇ, ಇಷ್ಟ್ ದಿನ ದೇವ್ರಂಗೆ ಇಟ್ಟಿದ್ರಲ್ಲ” ಎಂದ. ಪ್ಯಾಕಿಂಗ್‌ಗೆ ಬೇಕು ಎಂದೆ. ಕಟ್ಟು ಬಿಚ್ಚಿದ ನಾನು ಒಂದು ರಟ್ಟನ್ನೂ ಅಗಲ ಮಾಡಿ ನೋಡಲಿಲ್ಲ. ನಿನ್ನ ಕ್ಯಾಲೆಂಡರ್ ಎದುರಿಗೇ ಗೂಟಕ್ಕೆ ನೇತಾಡುತ್ತಿತ್ತು. ಎರಡನ್ನೂ ಪಕ್ಕ ಪಕ್ಕ ಹಿಡಿದಿದ್ದರೆ ನನಗೇ ತಿಳಿಯುತ್ತಿತ್ತು. ಕಿಟ್ಟು ಎಂಬ ಹೆಸರು ಓದಿದ ಮೇಲೆ ನೋಡುವುದು ಏನಿದೆ ಎಂದು ನೋಡಲಿಲ್ಲ.

ಬ್ಲೇಡು ಹಿಡಿದು ನಾಲ್ಕು ದಿನ ಕತ್ತರಿಸಿದೆ. ಹನ್ನೆರಡನೆಯದನ್ನೇ ಮೊದಲು ತೆಗೆದುಕೊಂಡೆ. ಕೀಲು, ಚಿಲಕ, ಬೀಗಗಳ ಮಧ್ಯೆ ಇಟ್ಟು ಕಟ್ಟಿದೆ. ಹರಿಹರಕ್ಕೆ, ರಾಣೆಬೆನ್ನೂರಿಗೆ, ಚಿತ್ರದುರ್ಗಕ್ಕೆ ಹೋದವು. ಅಪ್ಪ ನೋಡಿ, “ಈಗರ ಬುದ್ಧಿ ಬಂತಲ್ಲ, ಅಷ್ಟ್ ಸಾಕು” ಎಂದರು. ಕ್ಯಾಲೆಂಡರನ್ನು ಬಚ್ಚಲ ಒಲೆಗೆ ಹಾಕಿದೆ.

ನಿನ್ನ ಕಾಗದ ಬಂದ ಮೇಲೆ ಎರಡು ವಾರ ಹುಡುಕಿದೆ. ಗಿರಾಕಿಗಳಿಗೆ ಫೋನ್ ಮಾಡಿ ‘ನಮ್ಮ ಡಬ್ಬದಲ್ಲಿದ್ದ ರಟ್ಟು ಇಟ್ಟಿದ್ದೀರಾ’ ಎಂದು ಕೇಳಿದರೆ ನಗುತ್ತಾರೆ. ಹರಿಹರದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಚೂರು ಸಿಕ್ಕಿತು, ಅಂಗೈಯಷ್ಟು. ಟೇಬಲ್ ಅಲುಗದಿರಲು ಕಾಲಿನ ಕೆಳಗೆ ಇಟ್ಟಿದ್ದರು. ನೀಲಿ ಇದೆ. ನನ್ನ ಕೈ ಎಳೆದದ್ದೋ ಮೊಣಕಾಲು ಎಳೆದದ್ದೋ, ಎಷ್ಟು ಹೊತ್ತು ನೋಡಿದರೂ ನನಗೇ ಗುರುತು ಸಿಗಲಿಲ್ಲ.

ನಾನು ಕೇಳಿದ್ದು ಹೌದೋ ಅಲ್ಲವೋ ಎಂದು ಮಾತ್ರ. ‘ಅಲ್ಲ’ ಎಂದು ಒಂದು ಮಾತು ಬರೆದಿದ್ದರೆ ಸಾಕಿತ್ತು, ಶರಣ್ಯಾ. ಕೆಳಗೆ ನಾಲ್ಕು ಪುಟ ಬೈದಿದ್ದರೂ ಬೈಸಿಕೊಳ್ಳುತ್ತಿದ್ದೆ. ಇದನ್ನು ನಾನು ಮರೆಯುವುದಿಲ್ಲ. ಕತ್ತರಿಸಿದ್ದು ನನ್ನ ಕೈ ಎಂಬುದನ್ನೂ ಮರೆಯುವುದಿಲ್ಲ. ನೀನು ಕ್ಷಮೆ ಕೇಳಬೇಡ, ನಾನೂ ಕೇಳುವುದಿಲ್ಲ.

ಪ್ರದರ್ಶನಕ್ಕೆ ನನ್ನ ಹೆಸರು ಬೇಡ. ಮೊದಲೂ ಬೇಡ, ಪಕ್ಕವೂ ಬೇಡ. ಏಳನ್ನು ಮತ್ತೆ ಬರೆಯಲೂ ಬೇಡ. ಭಾರ ಎಲ್ಲಿ ಬಿತ್ತೆಂದು ನೋಡಿಕೊಂಡು ಬರೆಯಲು ನಿನ್ನೆದುರು ಈಗ ಏನೂ ಇಲ್ಲ. ಬರೆದರೆ ಅದು ನಿನ್ನ ಊಹೆಯಾಗುತ್ತದೆ, ನನ್ನ ಕುಣಿತವಾಗುವುದಿಲ್ಲ.

ನಿನ್ನ ಹತ್ತಿರ ಕ್ಯಾಲೆಂಡರ್ ಉಳಿದಿದ್ದರೆ ಒಂದು ಕಳಿಸು. ಮಡಚಬೇಡ, ಗೆರೆ ಮುರಿಯುತ್ತದೆ. ಮೇವರೆಗಿನದನ್ನು ಹಾಗೇ ನೋಡುತ್ತೇನೆ. ಜೂನ್‌ನಿಂದ ಮುಂದಿನದಕ್ಕೆ ಅಂಗಡಿಯಲ್ಲಿ ಮಾರುವ ಕನ್ನಡಿಗಳಲ್ಲಿ ಒಂದನ್ನು ತೆಗೆದಿಟ್ಟುಕೊಂಡಿದ್ದೇನೆ.

ರಂಜಣ್ಣ